72 ಗಂಟೆ ಥೆರಪಿಗೆ 384 ಗಂಟೆ ಬಸ್ಸು

ಹೊಸದುರ್ಗದಿಂದ ಚಿತ್ರದುರ್ಗಕ್ಕೆ ಹೊರಡುವ ಬೆಳಗಿನ ಬಸ್ಸಿಗೆ ಏಳು ವರ್ಷದ ಮಗನನ್ನು ಕರೆದುಕೊಂಡು ತಾಯಿ ಹತ್ತಿದರೆ ಕಂಡಕ್ಟರ್ ಎರಡು ಚೀಟಿ ಹರಿದು ಕೊಡುತ್ತಾರೆ. ತಾಯಿಯ ಚೀಟಿಯಲ್ಲಿ ದರ ಸೊನ್ನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ. ಮಗನದು ಅರ್ಧ ಟಿಕೆಟ್ಟು. ಮಗಳಾಗಿದ್ದರೆ ಅದೂ ಸೊನ್ನೆಯೇ ಆಗುತ್ತಿತ್ತು. ಆದರೆ ಆಟಿಸಂ ಎಂದು ಗುರುತಾಗುವ ಮಕ್ಕಳಲ್ಲಿ ನಾಲ್ವರಿಗೆ ಸುಮಾರು ಮೂವರು ಗಂಡುಮಕ್ಕಳು. ಹಾಗಾಗಿ ಬಹುಪಾಲು ತಾಯಂದಿರು ಆ ಅರ್ಧ ಟಿಕೆಟ್ಟಿನ ದುಡ್ಡನ್ನು ಪರ್ಸಿನಿಂದ ತೆಗೆಯಲೇಬೇಕು.

ಈ ವರದಿ ಆ ಎರಡು ಚೀಟಿಗಳಿಂದಲೇ ಶುರುವಾಗಲಿ. ಆಟಿಸಂ ಇರುವ ಮಗುವನ್ನು ಬೆಳೆಸಲು ಎಷ್ಟು ಖರ್ಚಾಗುತ್ತದೆ ಎಂದು ಕೇಳಿದರೆ ಎಲ್ಲರೂ ಥೆರಪಿಯ ಫೀಸು ಹೇಳುತ್ತಾರೆ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಯ ಮನೆಗಳಲ್ಲಿ ಫೀಸು ಅರ್ಧ ಲೆಕ್ಕ ಮಾತ್ರ. ಉಳಿದರ್ಧ ರಸ್ತೆಯ ಮೇಲೆ ಹೋಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಕೆಳಗಿನದು ಯಾರದೋ ಒಂದು ಮನೆಯ ಲೆಕ್ಕವಲ್ಲ. ಸಾಧಾರಣ ದರಗಳನ್ನು ಹಿಡಿದು ನಾನೇ ಹಾಕಿದ ಲೆಕ್ಕ. ಓದುವವರು ತಮ್ಮ ಊರಿನ ದರ ಹಾಕಿ ತಿದ್ದಿಕೊಳ್ಳಬಹುದು. ಹೊಸದುರ್ಗದಿಂದ ಚಿತ್ರದುರ್ಗ ಹೆಚ್ಚುಕಡಿಮೆ 60 ಕಿಲೋಮೀಟರ್. ಮಗುವಿನ ಅರ್ಧ ಟಿಕೆಟ್ಟು ಒಂದು ದಿಕ್ಕಿಗೆ 40 ರೂಪಾಯಿ ಎನ್ನೋಣ, ಹೋಗಿಬರಲು 80. ವಾರಕ್ಕೆ ಎರಡು ದಿನ, ಹಬ್ಬ ಜ್ವರ ಮದುವೆಗಳನ್ನು ಕಳೆದು ವರ್ಷಕ್ಕೆ 48 ವಾರ, ಅಂದರೆ 96 ಸಲ. ಬಸ್ಸಿಗೆ 7,680 ರೂಪಾಯಿ. ಬಸ್‌ಸ್ಟ್ಯಾಂಡಿನಿಂದ ಆಟೋ, ಮಧ್ಯಾಹ್ನ ಒಂದು ಪ್ಲೇಟ್ ಚಿತ್ರಾನ್ನ, ಮಗು ಹಟ ಹಿಡಿದ ಬಿಸ್ಕತ್ತು ಸೇರಿ ದಿನಕ್ಕೆ 100 ಎಂದರೆ 9,600. ಸೆಷನ್ನಿಗೆ 400 ರೂಪಾಯಿಯಂತೆ ಫೀಸು 38,400. ಇನ್ನು ಯಾರೂ ಬರೆದಿಡದ ಬಾಬ್ತು, ತಾಯಿ ಬಿಟ್ಟ ಕೂಲಿ. ಅಡಿಕೆ ಸುಲಿಯುವ ದಿನಗಳಲ್ಲಿ ಕೂಲಿ ಇನ್ನೂ ಹೆಚ್ಚು ಸಿಗುತ್ತದೆ, ಇರಲಿ, ಕರ್ನಾಟಕದಲ್ಲಿ 2025-26ಕ್ಕೆ ನಿಗದಿಯಾದ ನರೇಗಾ ಕೂಲಿ 370 ರೂಪಾಯಿಯನ್ನೇ ಹಿಡಿದರೂ 96 ದಿನಕ್ಕೆ 35,520. ಎಲ್ಲ ಕೂಡಿದರೆ ವರ್ಷಕ್ಕೆ 91,200 ರೂಪಾಯಿ. ಇದರಲ್ಲಿ ಫೀಸಿನ ಪಾಲು ನೂರಕ್ಕೆ 42. ಮಿಕ್ಕ 58 ಪಾಲು ದಾರಿ ಖರ್ಚು ಮತ್ತು ಕೈಬಿಟ್ಟ ಕೂಲಿ.

ಹಣಕ್ಕಿಂತ ಹೊತ್ತಿನ ಲೆಕ್ಕ ಇನ್ನೂ ಕಠಿಣ. ಒಂದು ಸೆಷನ್ ಸಾಮಾನ್ಯವಾಗಿ 45 ನಿಮಿಷ. 96 ಸೆಷನ್ ಎಂದರೆ 72 ಗಂಟೆ. ಹಳ್ಳಿಯಿಂದ ಹೊಸದುರ್ಗಕ್ಕೆ ಬಂದು, ಬಸ್ಸಿಗೆ ಕಾದು, ಚಿತ್ರದುರ್ಗ ಮುಟ್ಟಿ, ಹಾಗೆಯೇ ವಾಪಸಾಗಲು ದಿನಕ್ಕೆ ಕನಿಷ್ಠ ನಾಲ್ಕು ಗಂಟೆ. ವರ್ಷಕ್ಕೆ 384 ಗಂಟೆ. ಹಾರನ್ ಕೇಳಿದರೆ ಕಿವಿ ಮುಚ್ಚಿಕೊಳ್ಳುವ, ಪಕ್ಕದವರ ಮೈ ತಾಗಿದರೆ ಕಿರುಚುವ ಮಗುವಿಗೆ ಅದು 384 ಗಂಟೆಯ ಪರೀಕ್ಷೆ. ಸೆಷನ್ನಿಗೆ ಬಂದು ಕೂರುವಷ್ಟರಲ್ಲಿ ಮಗು ಅರ್ಧ ಸೋತಿರುತ್ತದೆ.

ಎಷ್ಟು ಮಕ್ಕಳಿದ್ದಾರೆ

ಸರಿಯಾಗಿ ಎಣಿಸಿದವರಿಲ್ಲ. 2011ರ ಜನಗಣತಿಯಲ್ಲಿ ಅಂಗವಿಕಲತೆಗೆ ಎಂಟು ಕಲಮುಗಳಿದ್ದವು, ಆಟಿಸಂಗೆ ಪ್ರತ್ಯೇಕ ಕಲಮು ಇರಲಿಲ್ಲ. ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರು ಎಂದು ಆ ಗಣತಿ ಹೇಳಿತು. ಅದರೊಳಗೆ ಆಟಿಸಂ ಇದ್ದವರು 'ಬುದ್ಧಿಮಾಂದ್ಯ'ದಲ್ಲೋ 'ಇತರೆ'ಯಲ್ಲೋ ಸೇರಿಹೋದರು, ಇಲ್ಲವೇ ಎಲ್ಲೂ ಸೇರಲಿಲ್ಲ. ಹಳ್ಳಿಯಲ್ಲಿ ಇಂಥ ಮಗುವಿಗೆ ಹೆಸರೇ ಇರುವುದಿಲ್ಲ. ಪುಸ್ತಕದಲ್ಲಿ 'ಸ್ವಲೀನತೆ', ಆಸ್ಪತ್ರೆ ಚೀಟಿಯಲ್ಲಿ 'ಆಟಿಸಂ', ಬೀದಿಯಲ್ಲಿ 'ಅವನೊಂಥರಾ'.

ದೇಶದ ಐದು ಕಡೆ 2ರಿಂದ 9 ವರ್ಷದ ಸುಮಾರು 4,000 ಮಕ್ಕಳನ್ನು ನೋಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನೂರು ಮಕ್ಕಳಿಗೆ ಒಬ್ಬರ ಆಸುಪಾಸು. ವಿಶ್ವ ಆರೋಗ್ಯ ಸಂಸ್ಥೆಯ ಈಚಿನ ಅಂಕಿ, 2021ರಲ್ಲಿ 127 ಜನರಿಗೆ ಒಬ್ಬರು. ಅಮೆರಿಕದಲ್ಲಿ 2000ದಲ್ಲಿ 150 ಮಕ್ಕಳಿಗೆ ಒಂದಿದ್ದ ಲೆಕ್ಕ 2025ರ ವರದಿಗೆ 31ಕ್ಕೆ ಒಂದಾಗಿದೆ. ಅದನ್ನು ಕಂಡು ಗಾಬರಿ ಬೀಳಬೇಕಾಗಿಲ್ಲ, ಏರಿಕೆಯ ದೊಡ್ಡ ಪಾಲು ಹುಡುಕುವ ಕಣ್ಣು ಚುರುಕಾಗಿದ್ದರಿಂದ, ವ್ಯಾಖ್ಯೆ ಅಗಲವಾಗಿದ್ದರಿಂದ.

ನಾವು ನೂರಕ್ಕೆ ಒಂದನ್ನೇ ಇಟ್ಟುಕೊಳ್ಳೋಣ. 2011ರಲ್ಲಿ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 16,59,456. ಕರ್ನಾಟಕದ ಜನನ ಪ್ರಮಾಣ 2020ರಲ್ಲಿ ಸಾವಿರಕ್ಕೆ 16.5 ಇತ್ತು, ಕೊಂಚ ಕೈ ಹಿಡಿದು 15 ಎನ್ನೋಣ. ವರ್ಷಕ್ಕೆ ಸುಮಾರು 25,000 ಕೂಸುಗಳು. ಅವರಲ್ಲಿ 250 ಮಕ್ಕಳು ಆಟಿಸಂ ಹಾದಿಯವರು. ಎರಡರಿಂದ ಒಂಬತ್ತು ವರ್ಷದವರೆಗಿನ ಎಂಟು ವರ್ಷದ ಗುಂಪನ್ನು ಕೂಡಿದರೆ ಜಿಲ್ಲೆಯಲ್ಲಿ 2,000 ಮಕ್ಕಳು. ಈ 2,000 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾಗದದ ದಾರಿ

ಆಟಿಸಂಗೆ ಕಾನೂನಿನಲ್ಲಿ ಸ್ಥಾನ ಸಿಕ್ಕಿದ್ದು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ. 1995ರ ಅಂಗವಿಕಲರ ಕಾಯ್ದೆಯ ಏಳು ಬಗೆಗಳಲ್ಲಿ ಅದು ಇರಲಿಲ್ಲ. 2016ರ ಹಕ್ಕುಗಳ ಕಾಯ್ದೆ ಏಳನ್ನು 21ಕ್ಕೆ ಏರಿಸಿತು, ಆಟಿಸಂ ಒಳಗೆ ಬಂತು. ಆದರೆ ಶೇ 40 ಅಂಗವಿಕಲತೆ ಎಂದು ಬರೆದ ಪ್ರಮಾಣಪತ್ರ ಇಲ್ಲದಿದ್ದರೆ ಹೆಚ್ಚಿನ ಬಾಗಿಲು ತೆರೆಯುವುದಿಲ್ಲ.

ಆ ಶೇಕಡಾ ಎಲ್ಲಿಂದ ಬರುತ್ತದೆ? ಐಎಸ್‌ಎಎ ಎಂಬ ಭಾರತೀಯ ಮಾಪನದಿಂದ. ಒಟ್ಟು 40 ಪ್ರಶ್ನೆ, ಆರು ಗುಂಪು. ಕಣ್ಣಿಟ್ಟು ನೋಡುತ್ತದೆಯೇ, ನಕ್ಕರೆ ನಗುತ್ತದೆಯೇ, ಹೇಳಿದ ಮಾತನ್ನೇ ಮತ್ತೆ ಹೇಳುತ್ತದೆಯೇ ಎಂಬಂಥವು. ಪ್ರತಿಯೊಂದಕ್ಕೂ 1ರಿಂದ 5 ಅಂಕ. 'ಅಪರೂಪಕ್ಕೆ' ಎಂದರೆ 1, 'ಯಾವಾಗಲೂ' ಎಂದರೆ 5. ಮೊತ್ತ 70 ಮುಟ್ಟಿದರೆ ಆಟಿಸಂ, 106ರವರೆಗೆ ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಇಲ್ಲೊಂದು ಎಡವಟ್ಟಿಗೆ ದಾರಿ ಇದೆ. ಯಾವ ತೊಂದರೆಯೂ ಇಲ್ಲದ ಮಗುವಿಗೂ 40 ಅಂಕ ಬಂದೇ ಬರುತ್ತದೆ, 40 ಪ್ರಶ್ನೆಗೆ ಒಂದೊಂದು. ಚೀಟಿಯ ಮೇಲಿನ ಅಂಕವನ್ನು ಶೇಕಡಾ ಎಂದು ಓದಿಕೊಂಡು ಅತ್ತವರೂ ಉಂಟು, ನೆಮ್ಮದಿಪಟ್ಟವರೂ ಉಂಟು. ಅಂಕ ಬೇರೆ, ಶೇಕಡಾ ಬೇರೆ. 70 ಅಂಕ ಬಂದಾಗ ಶೇ 40.

ಪ್ರಶ್ನೆ ಕೇಳುವಾಗ ತಾಯಂದಿರು ಮಗುವನ್ನು ಬಿಟ್ಟುಕೊಡಲಾಗದೆ 'ಮನೇಲಿ ಚೆನ್ನಾಗೇ ಇರ್ತಾನೆ ಸಾರ್' ಎನ್ನುವುದು ಸಹಜ. ನನ್ನ ಸಲಹೆ, ಹೋಗುವ ಮುಂಚೆ ಹದಿನೈದು ದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ದಿನಕ್ಕೆ ಎಷ್ಟು ಸಲ ಹೆಸರು ಕೂಗಿದ್ದೀರಿ, ಎಷ್ಟು ಸಲ ತಿರುಗಿ ನೋಡಿದ, ರಾತ್ರಿ ಎಷ್ಟು ಹೊತ್ತಿಗೆ ಮಲಗಿದ. ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ಅಪರಿಚಿತ ಕೋಣೆಯಲ್ಲಿ ಹತ್ತು ನಿಮಿಷ ಕಂಡದ್ದಕ್ಕಿಂತ ಆ ನೋಟ್‌ಬುಕ್ಕು ಹೆಚ್ಚು ಹೇಳುತ್ತದೆ.

ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡಿಗೆ ಅರ್ಜಿ ಸ್ವಾವಲಂಬನ್ ಜಾಲತಾಣದಲ್ಲಿ. ಸರ್ಕಾರಿ ಶುಲ್ಕ ಸೊನ್ನೆ. ಶೇ 40ಕ್ಕಿಂತ ಕಡಿಮೆಗೆ ಬಿಳಿ ಕಾರ್ಡು, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ.

ಕಾರ್ಡು ಬಂದ ಮೇಲೆ ಏನು ಸಿಗುತ್ತದೆ? ರಾಜ್ಯದ ಅಂಗವಿಕಲ ಮಾಸಾಶನ ಕೆಳಗಿನ ಹಂತದಲ್ಲಿ ತಿಂಗಳಿಗೆ 800 ರೂಪಾಯಿ, ಶೇ 75 ದಾಟಿದರೆ 1,400. ವರ್ಷಕ್ಕೆ 9,600 ಅಥವಾ 16,800. ಅರ್ಜಿ ನಾಡಕಚೇರಿಯಲ್ಲಿ. ಮೇಲಿನ 91,200ರ ಪಕ್ಕ ಇಟ್ಟರೆ 9,600 ಎಷ್ಟಕ್ಕೆ ಸಾಲುತ್ತದೆ ನೋಡಿ. ಆಟೋ ಮತ್ತು ಚಿತ್ರಾನ್ನಕ್ಕೆ ಸರಿಯಾಗುತ್ತದೆ, ಒಂದು ರೂಪಾಯಿ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಇದಕ್ಕಿರುವ ಆದಾಯ ಮಿತಿ ವರ್ಷಕ್ಕೆ 32,000. ಆ ತಾಯಿ ಮಗುವಿಗಾಗಿ ಬಿಟ್ಟ ಕೂಲಿಯೇ 35,520 ಆಗುತ್ತದೆ ಎಂದು ಆಗಲೇ ಲೆಕ್ಕ ಹಾಕಿದ್ದೇವೆ. ಕಳೆದುಕೊಂಡ ಕೂಲಿಯೇ ಮಿತಿಯನ್ನು ಮೀರುವಾಗ ಆ ಮಿತಿಯನ್ನು ಯಾವ ಕಾಲದ ಬೆಲೆ ನೋಡಿ ಇಟ್ಟರೋ.

ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯನ್ನು ಮಾತ್ರ ಯಾರೂ ಬಿಡಬಾರದು. ವರ್ಷಕ್ಕೆ ಒಂದು ಲಕ್ಷದವರೆಗೆ ರಕ್ಷಣೆ. ಬಿಪಿಎಲ್ ಮನೆಗೆ ಸೇರ್ಪಡೆ ಶುಲ್ಕ 250 ರೂಪಾಯಿ, ನವೀಕರಣ 50. ಎಪಿಎಲ್‌ಗೆ 500 ಮತ್ತು 250. ಮೊದಲೇ ವೈದ್ಯಕೀಯ ತಪಾಸಣೆ ಮಾಡಿಸಿ ಎನ್ನುವುದಿಲ್ಲ, ಆಸ್ಪತ್ರೆಯಲ್ಲಿ ಮಲಗಲೇಬೇಕು ಎಂದೂ ಇಲ್ಲ, ಥೆರಪಿ ಬಿಲ್ಲಿಗೂ ಹಣ ಬರುತ್ತದೆ. ಆದರೆ ಲಕ್ಷ ಎಂದ ಕೂಡಲೇ ಅಷ್ಟೂ ಥೆರಪಿಗೆ ಸಿಕ್ಕಿತು ಎಂದುಕೊಳ್ಳಬೇಡಿ, ಒಂದೊಂದು ಬಾಬ್ತಿಗೂ ಒಳಮಿತಿ ಇದೆ. ಪ್ರಯಾಣದ ಬಾಬ್ತಿಗೆ ಇಟ್ಟಿರುವುದು ವರ್ಷಕ್ಕೆ 1,000 ರೂಪಾಯಿ. ನಮ್ಮ ಲೆಕ್ಕದಲ್ಲಿ ಅದು ಹನ್ನೆರಡು ಸಲದ ಅರ್ಧ ಟಿಕೆಟ್ಟು, ಹದಿಮೂರನೆಯ ಸಲಕ್ಕೆ ಖಾಲಿ. ಬಿಲ್ಲುಗಳನ್ನು ಜೋಪಾನ ಮಾಡಿ. ಸಹಿ, ಮೊಹರು, ದಿನಾಂಕ ಇಲ್ಲದ ಚೀಟಿ ಎಷ್ಟೇ ನಿಜವಾಗಿದ್ದರೂ ವಿಮೆಯವರಿಗೆ ರದ್ದಿ ಕಾಗದ.

ಪ್ರಯಾಣಕ್ಕೆ ಇನ್ನೊಂದು ದಾರಿ ಕೆಎಸ್‌ಆರ್‌ಟಿಸಿಯ ವಿಕಲಚೇತನರ ಪಾಸು, ವರ್ಷಕ್ಕೆ 660 ರೂಪಾಯಿ, ವಾಸದ ಊರಿನಿಂದ 100 ಕಿಲೋಮೀಟರ್ ಒಳಗೆ. 7,680ರ ಜಾಗದಲ್ಲಿ 660 ಎಂದರೆ 7,020 ರೂಪಾಯಿ ಉಳಿಯಿತು. ಹೊಳಲ್ಕೆರೆ, ಹೊಸದುರ್ಗದವರು ಚಿತ್ರದುರ್ಗಕ್ಕೆ ಹೋಗಿಬರಲು ಇದು ಧಾರಾಳ ಸಾಕು. ಹಿರಿಯೂರಿನಿಂದ ಚಿತ್ರದುರ್ಗ ಸುಮಾರು 40 ಕಿಲೋಮೀಟರ್, ತೊಂದರೆ ಇಲ್ಲ. ಅಲ್ಲಿಂದ ದಾವಣಗೆರೆ ಮಾತ್ರ ಹೆಚ್ಚುಕಡಿಮೆ ಆ ನೂರರ ಗೆರೆಯ ಮೇಲೆಯೇ ಬಂದು ನಿಲ್ಲುತ್ತದೆ.

ದಾವಣಗೆರೆಯ ಮಾತು ಬಂದಿದ್ದು ಸುಮ್ಮನೆ ಅಲ್ಲ. ಸಿಕಂದರಾಬಾದಿನ ರಾಷ್ಟ್ರೀಯ ಬೌದ್ಧಿಕ ಅಂಗವಿಕಲತೆಯ ಸಂಸ್ಥೆಯ ಅಧೀನದಲ್ಲಿ ನಡೆಯುವ ಸಂಯೋಜಿತ ಪ್ರಾದೇಶಿಕ ಕೇಂದ್ರ, ಸಿಆರ್‌ಸಿ, ಅಲ್ಲಿದೆ. ಮಾತಿನ ಥೆರಪಿ, ಆಕ್ಯುಪೇಷನಲ್ ಥೆರಪಿ, ವಿಶೇಷ ಶಿಕ್ಷಣ, ಮನಶ್ಶಾಸ್ತ್ರಜ್ಞರ ಪರೀಕ್ಷೆ ಒಂದೇ ಕಡೆ. ಚಿತ್ರದುರ್ಗದಿಂದ ಸುಮಾರು 60 ಕಿಲೋಮೀಟರ್. ಮೇಷ್ಟ್ರ ಮುಂದೆ 'ಸಿಆರ್‌ಸಿಗೆ ಹೋಗಿ' ಎಂದರೆ ಅವರು ಪಕ್ಕದ ಹಳ್ಳಿಯ ಕ್ಲಸ್ಟರ್ ಸಂಪನ್ಮೂಲ ಕೇಂದ್ರ ಎಂದುಕೊಂಡಾರು. ಅದು ಬೇರೆ, ಇದು ಬೇರೆ. ಹೊಳಲ್ಕೆರೆ ಮತ್ತು ಹೊಸದುರ್ಗ ರೋಡ್ ಎರಡೂ ಬೀರೂರು–ಚಿಕ್ಕಜಾಜೂರು ರೈಲು ಮಾರ್ಗದ ಮೇಲಿರುವುದರಿಂದ ಆ ಕಡೆಯವರು ದಾವಣಗೆರೆಗೆ ರೈಲಿನಲ್ಲೇ ಹೋಗಬಹುದು, ಮಗುವಿಗೆ ಬಸ್ಸಿಗಿಂತ ರೈಲು ಹಿತ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ವಾಕ್ ಶ್ರವಣ ಸಂಸ್ಥೆ ದೊಡ್ಡ ಹೆಸರುಗಳು, ಒಂದು ಸಲ ಪೂರ್ತಿ ತಪಾಸಣೆಗೆ ಹೋಗಿಬರಲು ಒಳ್ಳೆಯವು. ಆದರೆ 200 ಕಿಲೋಮೀಟರ್ ದೂರದ ಬೆಂಗಳೂರಿಗೆ ವಾರಕ್ಕೆರಡು ಸಲ ಯಾರೂ ಹೋಗಲಾರರು. ಮಗುವಿಗಾಗಿ ಬೆಂಗಳೂರಿನಲ್ಲಿ ಮನೆ ಮಾಡಿದವರ ಬಾಡಿಗೆ ಲೆಕ್ಕ ಈ ವರದಿಯ ಹೊರಗಿನದು.

ಸಂಬಳದಾರರಿಗೆ ಒಂದು ಮಾತು. ಆದಾಯ ತೆರಿಗೆಯಲ್ಲಿ 80ಡಿಡಿ ಎಂಬ ವಿನಾಯಿತಿ 75,000 ರೂಪಾಯಿ, ಶೇ 80 ಮುಟ್ಟಿದ ಅಂಗವಿಕಲತೆಗೆ 1,25,000. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡರೆ ಇದು ಇಲ್ಲ. ಶಿಕ್ಷಕ ದಂಪತಿಗಳು ಎರಡೂ ಪದ್ಧತಿಯಲ್ಲಿ ಲೆಕ್ಕ ಹಾಕಿ ನೋಡಿಯೇ ಸಹಿ ಮಾಡಿ.

ಮೇಷ್ಟ್ರ 800 ಗಂಟೆ

ಈಗ ಆ 72 ಗಂಟೆಗೆ ಮರಳೋಣ. ಮಗು ದಿನಕ್ಕೆ 14 ಗಂಟೆ ಎಚ್ಚರವಿದ್ದರೆ ವರ್ಷಕ್ಕೆ 5,110 ಗಂಟೆ. ಅದರಲ್ಲಿ ಥೆರಪಿಯ ಪಾಲು ನೂರಕ್ಕೆ ಒಂದೂವರೆಯೂ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಬೋಧನಾ ಗಂಟೆ ಇರಬೇಕು ಎನ್ನುತ್ತದೆ. ಆರರಿಂದ ಎಂಟಕ್ಕೆ 220 ದಿನ, 1,000 ಗಂಟೆ. ಅಂದರೆ ತಜ್ಞರ ಕೈಯಲ್ಲಿ ಮಗು ಇರುವುದರ ಹನ್ನೊಂದು ಪಟ್ಟು ಹೊತ್ತು ಊರಿನ ಸರ್ಕಾರಿ ಶಾಲೆಯ ಮೇಷ್ಟ್ರ, ಟೀಚರಮ್ಮನ ಕಣ್ಣಳತೆಯಲ್ಲಿ ಇರುತ್ತದೆ. ಜಿಲ್ಲೆಯಲ್ಲಿ ಆಟಿಸಂಗೆ ಇರುವ ಅತಿ ದೊಡ್ಡ ಸಂಪನ್ಮೂಲ ಇದೇ. ಖರ್ಚು ಆಗಲೇ ಆಗಿಹೋಗಿದೆ, ಸಂಬಳ ಸರ್ಕಾರ ಕೊಡುತ್ತಿದೆ. ಬೇಕಿರುವುದು ಕೈಗೆ ಒಂದಿಷ್ಟು ಪಟ್ಟು ಹೇಳಿಕೊಡುವವರು.

ಇವರಿಗೆ ಬೆಂಬಲವಾಗಿ ಪ್ರತಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿಐಇಆರ್‌ಟಿಗಳಿದ್ದಾರೆ, ಸಮನ್ವಯ ಶಿಕ್ಷಣದ ವಿಶೇಷ ಶಿಕ್ಷಕರು. ತಾಲ್ಲೂಕಿಗೆ ಬೆರಳೆಣಿಕೆಯಷ್ಟು. ಶಾಲೆಗೆ ಬರಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣ ಕೊಡಿಸುವವರೂ ಇವರೇ. ಸಮಗ್ರ ಶಿಕ್ಷಣದಲ್ಲಿ ವಿಶೇಷ ಅಗತ್ಯದ ಮಗುವಿಗೆ ವರ್ಷಕ್ಕೆ 3,500 ರೂಪಾಯಿಯವರೆಗೆ, ಹೆಣ್ಣುಮಕ್ಕಳಿಗೆ ಪ್ರತ್ಯೇಕವಾಗಿ ತಿಂಗಳಿಗೆ 200ರಂತೆ ಹತ್ತು ತಿಂಗಳು ಪ್ರೋತ್ಸಾಹಧನ. ಸುಪ್ರೀಂ ಕೋರ್ಟು 2021ರ ಅಕ್ಟೋಬರ್ 28ರಂದು ಪ್ರಾಥಮಿಕದಲ್ಲಿ ಹತ್ತು ವಿಶೇಷ ಮಕ್ಕಳಿಗೊಬ್ಬ, ಪ್ರೌಢದಲ್ಲಿ ಹದಿನೈದಕ್ಕೊಬ್ಬ ವಿಶೇಷ ಶಿಕ್ಷಕ ಇರಬೇಕು ಎಂದಿತು, 2025ರ ಮಾರ್ಚಿನಲ್ಲಿ ಹುದ್ದೆ ಸೃಷ್ಟಿಸಿ ಎಂದು ರಾಜ್ಯಗಳಿಗೆ ಮತ್ತೆ ಎಚ್ಚರಿಸಿತು. ನಮ್ಮ ಲೆಕ್ಕದ ವರ್ಷಕ್ಕೆ 250 ಮಕ್ಕಳನ್ನು ಐದು ತರಗತಿಗೆ ಹರಡಿದರೆ 1,250. ಹತ್ತಕ್ಕೊಬ್ಬರಂತೆ ಆಟಿಸಂ ಒಂದಕ್ಕೇ ಜಿಲ್ಲೆಗೆ 125 ವಿಶೇಷ ಶಿಕ್ಷಕರು. ಎಲ್ಲ ಮಕ್ಕಳಿಗೂ ಅಷ್ಟು ನೆರವು ಬೇಡ ಎಂದು ಅರ್ಧಕ್ಕೆ ಇಳಿಸಿದರೂ ಅಂತರ ಕಣ್ಣಿಗೆ ರಾಚುತ್ತದೆ.

ಅವರು ಬರುವವರೆಗೆ ಕಾಯುತ್ತಾ ಕೂರಬೇಕೆ? ಬೇಡ. ನಲಿ-ಕಲಿ ತರಗತಿಯಲ್ಲಿ ಕಾರ್ಡು, ಲೋಗೊ, ಕಲಿಕಾ ಏಣಿ ಹಿಡಿದು ರೂಢಿಯಾದ ಟೀಚರಿಗೆ ಆಟಿಸಂ ಮಗುವಿನ ಮುಖ್ಯ ಸಾಧನ ಹೊಸದೇನಲ್ಲ, ಅದೂ ಚಿತ್ರವೇ. ಒಂದು ಮೊಳ ರೆಕ್ಸಿನ್ ಪಟ್ಟಿ, ಅದರ ಮೇಲೆ ವೆಲ್ಕ್ರೋ, ವೆಲ್ಕ್ರೋ ಮೇಲೆ ಸಾಲಾಗಿ ಫೋಟೋಗಳು. ಪ್ರಾರ್ಥನೆ, ಹಾಲು, ನಲಿ-ಕಲಿ, ಶೌಚಾಲಯ, ಬಿಸಿಯೂಟ, ಆಟ, ಮನೆ. ಅಂಗಡಿಯಲ್ಲಿ ಸಿಗುವ ಬಣ್ಣದ ಚಿತ್ರ ಬೇಡ, ಆ ಶಾಲೆಯದೇ ಗಂಟೆ, ಆ ಮಗುವಿನದೇ ಹಾಲಿನ ಲೋಟ, ಅದರದೇ ತಟ್ಟೆ. ಒಂದು ಕೆಲಸ ಮುಗಿದ ಕೂಡಲೇ ಮಗುವೇ ಆ ಫೋಟೋ ಕಿತ್ತು ಪಕ್ಕದ ಡಬ್ಬಿಗೆ ಹಾಕಬೇಕು. 'ಚರ್' ಎಂದು ವೆಲ್ಕ್ರೋ ಬಿಡುವ ಸದ್ದೇ ಎಷ್ಟೋ ಮಕ್ಕಳಿಗೆ 'ಆಯಿತು' ಎಂಬ ಮಾತು. ಮುಂದೇನು ಎಂಬ ದಿಗಿಲಿನಿಂದ ಹುಟ್ಟುವ ಅರ್ಧ ರಂಪ ಇಷ್ಟಕ್ಕೇ ಇಳಿಯುತ್ತದೆ.

ಖರ್ಚು ಬರೆದುಕೊಳ್ಳಿ. ಸ್ಟುಡಿಯೋದಲ್ಲಿ 12 ಫೋಟೋ ಪ್ರಿಂಟು, ಒಂದಕ್ಕೆ 15ರಂತೆ 180. ಲ್ಯಾಮಿನೇಷನ್ ಮೂರು ಹಾಳೆ, 90. ಒಂದು ಮೀಟರ್ ವೆಲ್ಕ್ರೋ 40. ರೆಕ್ಸಿನ್ 60. ಒಟ್ಟು 370 ರೂಪಾಯಿ, ಸರಿಯಾಗಿ ನಾವು ಮೇಲೆ ಹಿಡಿದ ನರೇಗಾದ ಒಂದು ದಿನದ ಕೂಲಿ. ಅಂಗಡಿಯಿಂದ ಅಂಗಡಿಗೆ ಹತ್ತಿಪ್ಪತ್ತು ಹೆಚ್ಚುಕಡಿಮೆ ಆದೀತು. ಗಂಟೆ ಬಾರಿಸುವ ಮುನ್ನ ಮಗುವಿಗೆ ಗಂಟೆಯ ಫೋಟೋ ತೋರಿಸುವುದು, ಬಿಸಿಯೂಟದ ಸಾಲಿನಲ್ಲಿ ಮೊದಲೋ ಕೊನೆಯೋ ನಿಲ್ಲಿಸಿ ನೂಕುನುಗ್ಗಲು ತಪ್ಪಿಸುವುದು, 'ಗಲಾಟೆ ಮಾಡಬೇಡ' ಎನ್ನುವ ಬದಲು 'ಕೂತ್ಕೋ' ಎಂದು ಒಂದೇ ಮಾತು ಹೇಳುವುದು, ಇವಕ್ಕೆ ಆ 370 ಕೂಡ ಬೇಡ. ಎನ್‌ಸಿಇಆರ್‌ಟಿಯ ಪ್ರಶಸ್ತ್ ಆ್ಯಪ್ ಉಚಿತ. ಅದರಲ್ಲಿ ಮೊದಲ ಭಾಗವನ್ನು ತರಗತಿ ಶಿಕ್ಷಕರು, ಎರಡನೆಯದನ್ನು ವಿಶೇಷ ಶಿಕ್ಷಕರು ತುಂಬಿ ಯಾವ ಮಗುವಿಗೆ ತಪಾಸಣೆ ಬೇಕು ಎಂದು ಗುರುತಿಸಬಹುದು. ಅದು ರೋಗನಿರ್ಣಯವಲ್ಲ, ಕೈತೋರಿಸುವ ಕಂಬ ಅಷ್ಟೆ. ಪರೀಕ್ಷೆಯ ಹೊತ್ತಿಗೆ ಇನ್ನೊಂದು ಅಂಕಿ, ಕೇಂದ್ರದ 2018ರ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ. ಮೂರು ಗಂಟೆಯ ಪರೀಕ್ಷೆಗೆ ಇಡೀ ಒಂದು ಗಂಟೆ. ಅರ್ಜಿ ಮೊದಲೇ ಹೋಗಿರಬೇಕು.

'ಈ ಮಗು ನಮ್ಮಲ್ಲಿ ಆಗಲ್ಲ, ಬೇರೆ ಕಡೆ ನೋಡಿ' ಎನ್ನುವ ಶಾಲೆಗಳಿವೆ. ಹಾಗೆನ್ನಲು ಅವರಿಗೆ ಅಧಿಕಾರವಿಲ್ಲ. 2016ರ ಕಾಯ್ದೆಯ 31ನೇ ಕಲಂ ಪ್ರಕಾರ ಶೇ 40 ಮುಟ್ಟಿದ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ, ಬೇಕೆನಿಸಿದರೆ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ ಹಕ್ಕು. ಆಯ್ಕೆ ಮನೆಯವರದು, ಶಾಲೆಯದಲ್ಲ.

ದುಡ್ಡು ಸೋರುವ ತೂತುಗಳು

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ಹರಕೆ ಹೊತ್ತರೆ ನನ್ನ ತಕರಾರೇನೂ ಇಲ್ಲ, ಖರ್ಚು ಕಡಿಮೆ, ತಾಯಿಗೆ ಧೈರ್ಯ ಬರುತ್ತದೆ. ತಕರಾರಿರುವುದು 'ಗುಣ ಮಾಡುತ್ತೇವೆ' ಎಂದು ಲಕ್ಷಗಟ್ಟಲೆ ಕೇಳುವವರ ಮೇಲೆ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಸೂಕ್ತವಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಅದಕ್ಕಾಗಿ ತೋಟ ಅಡವಿಡಬೇಡಿ.

ಇನ್ನೊಂದು, ಗ್ಲುಟೆನ್ ಇಲ್ಲದ ಆಹಾರ. ಆಟಿಸಂಗೆ ಅದರಿಂದ ಉಪಯೋಗ ಎನ್ನಲು ಗಟ್ಟಿ ಆಧಾರ ಸಿಕ್ಕಿಲ್ಲ. ಆದರೂ ಅಂತರ್ಜಾಲದ ಮಾತು ಕೇಳಿ ದುಬಾರಿ ಹಿಟ್ಟಿನ ಪೊಟ್ಟಣ ತರಿಸುವವರಿದ್ದಾರೆ. ಅಯ್ಯಾ, ರಾಗಿಯಲ್ಲಿ ಗ್ಲುಟೆನ್ ಹುಟ್ಟಿನಿಂದಲೇ ಇಲ್ಲ. ಜೋಳದಲ್ಲಿಲ್ಲ, ಅಕ್ಕಿಯಲ್ಲಿಲ್ಲ. ಮುದ್ದೆ ಉಣ್ಣುವ ಮನೆಗೆ ಆ ಪೊಟ್ಟಣ ಯಾಕೆ?

ಮತ್ತೆ, ಬೋರ್ಡು ಹಾಕಿದವರೆಲ್ಲ ಥೆರಪಿಸ್ಟರಲ್ಲ. ಮಾತಿನ ಥೆರಪಿಸ್ಟ್, ಕ್ಲಿನಿಕಲ್ ಮನಶ್ಶಾಸ್ತ್ರಜ್ಞ, ವಿಶೇಷ ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕಿಕೊಂಡರೆ ಅಲ್ಲೇ ಉತ್ತರ ಸಿಕ್ಕಿತು. ತಾಯಿಯನ್ನು ಹೊರಗೆ ಕೂರಿಸಿ ಬಾಗಿಲು ಹಾಕಿಕೊಳ್ಳುವ ಕಡೆ 400 ಕೊಟ್ಟರೆ ಕೊಂಡದ್ದು 45 ನಿಮಿಷ ಮಾತ್ರ. ಒಳಗೆ ಕೂರಿಸಿ ಕಲಿಸುವ ಕಡೆ ಅದೇ 400ಕ್ಕೆ ಇಡೀ ವಾರದ ಕೆಲಸ ಮನೆಗೆ ಬರುತ್ತದೆ. ಹಾಗಿರುವಾಗ ವಾರಕ್ಕೆರಡು ಸಲ ಯಾಕೆ, ಹದಿನೈದು ದಿನಕ್ಕೊಮ್ಮೆ ಹೋದರೂ ನಡೆದೀತು. 24 ಸಲಕ್ಕೆ ಇಳಿಸಿದರೆ 91,200 ಇದ್ದದ್ದು 22,800ಕ್ಕೆ ಬರುತ್ತದೆ.

ಇದು ಬರೀ ಲೆಕ್ಕದ ಚಮತ್ಕಾರವಲ್ಲ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಆಟಿಸಂ ಇರುವ 65 ಮಕ್ಕಳ ಮನೆಗಳೊಂದಿಗೆ ನಡೆದ 'ಪಾಸ್' ಪ್ರಯೋಗದಲ್ಲಿ ತಜ್ಞರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ತಂದೆತಾಯಿಗೆ ಕಲಿಸಿದರು. ಹದಿನೈದು ದಿನಕ್ಕೊಂದು ಭೇಟಿ, ಆರು ತಿಂಗಳಲ್ಲಿ ಹನ್ನೆರಡು. ಪೋಷಕರು ಮಗುವಿನೊಡನೆ ಆಡುವ, ಮಾತಾಡುವ ರೀತಿ ಸುಧಾರಿಸಿತು, ಮಗು ತಾನೇ ಮುಂದಾಗಿ ಮಾತಿಗೆಳೆಯುವುದು ಹೆಚ್ಚಿತು. ವಿಶ್ವ ಆರೋಗ್ಯ ಸಂಸ್ಥೆ ಪೋಷಕರಿಗೆಂದೇ ರೂಪಿಸಿದ ತರಬೇತಿಯಲ್ಲೂ ಒಂಬತ್ತು ಗುಂಪು ತರಗತಿ, ಮೂರು ಮನೆ ಭೇಟಿ, ಮತ್ತೆ ಹನ್ನೆರಡೇ.

ಪಂಚಾಯಿತಿಗೆ ಎಂಟು ಮಕ್ಕಳು

ಹೀಗೆ ಮನೆಗೆ ಬಂದು ತಂದೆತಾಯಿಗೆ ಕಲಿಸುವ ಮನುಷ್ಯ ನಮ್ಮಲ್ಲಿ ಯಾರು? ಹುಡುಕಿಕೊಂಡು ಹೋಗಬೇಕಿಲ್ಲ, ಹುದ್ದೆ ಇದೆ. ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ವಿಆರ್‌ಡಬ್ಲ್ಯು. ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ಎಂಆರ್‌ಡಬ್ಲ್ಯು. ಬಹಳಷ್ಟು ಕಡೆ ಸ್ವತಃ ವಿಕಲಚೇತನರೇ ಈ ಕೆಲಸದಲ್ಲಿದ್ದಾರೆ, ಕಡಿಮೆ ಗೌರವಧನಕ್ಕೆ ಅರ್ಜಿ ಬರೆಸುವುದು, ಸರ್ವೆ, ಸಭೆ ಎಂದು ಓಡಾಡುತ್ತಿರುತ್ತಾರೆ. ಮಕ್ಕಳನ್ನು ಗುರುತಿಸಲು ಆರೋಗ್ಯ ಇಲಾಖೆಯ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ, ಅಂದರೆ ಆರ್‌ಬಿಎಸ್‌ಕೆಯ ತಂಡಗಳಿವೆ. 2013ರಲ್ಲಿ ಶುರುವಾದ ಈ ಕಾರ್ಯಕ್ರಮದ ನಿಯಮದಂತೆ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಭೇಟಿ. ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಆಟಿಸಂ ಇದೆ. 'ಗಂಡುಮಕ್ಕಳು ಮಾತು ತಡ, ಅವರಪ್ಪನೂ ಹಂಗೇ' ಎಂದು ಅಜ್ಜಿ ಹೇಳುತ್ತಿರುವಾಗ ಒಂದೂವರೆ ವರ್ಷಕ್ಕೂ ಮಗು ಬೆರಳು ತೋರಿಸದಿದ್ದರೆ, ಕರೆದರೆ ತಿರುಗದಿದ್ದರೆ, ಆ ತಂಡ ಬಂದ ದಿನ ಮಗುವನ್ನು ಅಂಗನವಾಡಿಗೆ ಎತ್ತಿಕೊಂಡು ಹೋಗಿ.

ಈಗ ಆ 2,000ವನ್ನು ಹೊರತೆಗೆಯೋಣ. ಜಿಲ್ಲೆಯ ಐದರಲ್ಲಿ ನಾಲ್ಕು ಪಾಲು ಜನ ಹಳ್ಳಿಯವರು, ಅಂದರೆ ಹಳ್ಳಿಯಲ್ಲಿ ಸುಮಾರು 1,600 ಮಕ್ಕಳು. ಗ್ರಾಮ ಪಂಚಾಯಿತಿಗಳು 189. ಭಾಗಿಸಿದರೆ ಪಂಚಾಯಿತಿಗೆ ಎಂಟು ಚಿಲ್ಲರೆ ಮಕ್ಕಳು. ಒಬ್ಬ ಕಾರ್ಯಕರ್ತ, ಎಂಟು ಮನೆ, ಹದಿನೈದು ದಿನಕ್ಕೊಂದು ಭೇಟಿ. ತಿಂಗಳಿಗೆ 16 ಭೇಟಿ, ಕೆಲಸದ ದಿನಕ್ಕೆ ಒಂದಕ್ಕಿಂತಲೂ ಕಡಿಮೆ. ಇವರಿಗೆ ದಾವಣಗೆರೆಯ ಕೇಂದ್ರದಲ್ಲಿ ತರಬೇತಿ ಕೊಡಿಸಿ, ತಿಂಗಳಿಗೊಮ್ಮೆ ತಜ್ಞರೊಬ್ಬರು ತಾಲ್ಲೂಕಿಗೆ ಬಂದು ನೋಡಿಹೋದರೆ ಪ್ರಯಾಣ ಮಗುವಿನದಾಗುವುದಿಲ್ಲ, ಸರ್ಕಾರದ್ದಾಗುತ್ತದೆ. 1,600 ಮಕ್ಕಳು ಬಸ್ಸು ಹತ್ತುವುದಕ್ಕಿಂತ 189 ಜನ ಸೈಕಲ್ಲೋ ಮೊಪೆಡ್ಡೋ ಹತ್ತುವುದು ಅಗ್ಗ. ಇದು ನನ್ನ ತೀರ್ಪು, ಒಪ್ಪದವರು ಲೆಕ್ಕ ತಿದ್ದಿ ತೋರಿಸಲಿ.

ಹಣ ಎಲ್ಲಿಂದ ಎನ್ನುವುದಕ್ಕೆ ಉತ್ತರ ಪಂಚಾಯಿತಿಯ ಕಡತದಲ್ಲೇ ಇದೆ. ಸ್ವಂತ ಸಂಪನ್ಮೂಲದಲ್ಲಿ ಶೇ 5 ವಿಕಲಚೇತನರಿಗೆಂದು ಎತ್ತಿಡಬೇಕು. ಅದು ಹೆಚ್ಚಾಗಿ ಹೊಲಿಗೆ ಯಂತ್ರ, ನೀರಿನ ಟ್ಯಾಂಕು, ವರ್ಷದ ಕೊನೆಯಲ್ಲಿ ಹಂಚುವ ಸೋಲಾರ್ ದೀಪವಾಗಿ ಮುಗಿಯುತ್ತದೆ. ಎಂಟು ಮಕ್ಕಳಿಗೆ 370ರಂತೆ ಚಿತ್ರಪಟ್ಟಿ ಮಾಡಿಸಲು ಬೇಕಾಗುವುದು 2,960 ರೂಪಾಯಿ.

ರಾತ್ರಿ ಹನ್ನೊಂದಕ್ಕೂ ಮಗು ಮಲಗದೆ ತಾಯಿಗೆ ತಲೆ ಕೆಟ್ಟುಹೋದಾಗ ಕರೆ ಮಾಡಲು ಟೆಲಿ ಮಾನಸ್ ಇದೆ, 14416, ಹಗಲೂ ರಾತ್ರಿ, ಕನ್ನಡದಲ್ಲಿ, ಉಚಿತ. ಹಗಲಲ್ಲಿ ಹೋಗಬೇಕಾದ ಕಡೆ ಗ್ರಾಮಸಭೆ. ಮುಂದಿನ ಸಭೆಯಲ್ಲಿ ಎದ್ದು ನಿಂತು ಪಿಡಿಒ ಅವರನ್ನು ಒಂದೇ ಪ್ರಶ್ನೆ ಕೇಳಿ: ನಮ್ಮ ಪಂಚಾಯಿತಿಯ ಶೇ 5ರ ಹಣದಲ್ಲಿ ಕಳೆದ ವರ್ಷ ಆಟಿಸಂ ಇರುವ ಮಗುವಿಗೆಂದು ಖರ್ಚಾದದ್ದು ಎಷ್ಟು? ಉತ್ತರವನ್ನು ನಡಾವಳಿಯಲ್ಲಿ ಬರೆಸಿಕೊಳ್ಳಿ, ಸೊನ್ನೆಯಾದರೂ ಸರಿ.